ನೆಟ್ಟ ಮೇಲಿನ ನೀರು

ಕನ್ನಡದಲ್ಲಿ ‘ಉದ್ದೇಶಪೂರ್ವಕ’ ಎಂಬ ಪದ ನಮಗೆ ಹೆಚ್ಚಾಗಿ ಎದುರಾಗುವುದು ಪೊಲೀಸ್ ದೂರುಗಳಲ್ಲಿ. ಉದ್ದೇಶಪೂರ್ವಕವಾಗಿ ಗಾಡಿ ಗುದ್ದಿದ, ಉದ್ದೇಶಪೂರ್ವಕವಾಗಿ ಬೇಲಿ ಕಿತ್ತ. ಮನೆಮಾತಿನಲ್ಲಿ ಇದನ್ನೇ ‘ಬೇಕಂತಲೇ’ ಎನ್ನುತ್ತೇವೆ. ‘ನೀನು ಬೇಕಂತಲೇ ಮಾಡಿದ್ದು’ ಎಂದರೆ ಅದು ಹೊಗಳಿಕೆಯಲ್ಲ, ಜಗಳದ ಮೊದಲ ಮಾತು. ಒಳ್ಳೆಯ ಕೆಲಸವನ್ನು ಯಾರೋ ಬೇಕಂತಲೇ ಮಾಡಿದರು ಎಂದು ನಾವು ಹೇಳುವುದೇ ಇಲ್ಲ. ಒಳ್ಳೆಯದು ತಾನಾಗಿ ಆಗುತ್ತದೆ, ದೇವರು ಮಾಡಿಸುತ್ತಾನೆ, ಹಿರಿಯರ ಪುಣ್ಯದಿಂದ ಕೈಗೂಡುತ್ತದೆ. ಬೇಕೆಂದು ಮಾಡುವುದು ಕೆಡುಕನ್ನು ಮಾತ್ರ ಎಂಬಂತಿದೆ ನಮ್ಮ ಭಾಷೆ.

ಒಳ್ಳೆಯ ಅರ್ಥದ ಪದ ಬೇಕೆಂದರೆ ‘ಸಂಕಲ್ಪ’ ಇದೆ. ಆದರೆ ಸಂಕಲ್ಪವನ್ನು ನಾವು ಪೂಜೆಯ ಮಣೆಯ ಮೇಲೆ ಕೂರಿಸಿಬಿಟ್ಟಿದ್ದೇವೆ. ಪುರೋಹಿತರು ಅಕ್ಷತೆ ಕೊಟ್ಟು, ದೇಶ, ಕಾಲ, ಗೋತ್ರ, ನಕ್ಷತ್ರ ಹೇಳಿಸಿ, ಅಂಗೈಗೆ ಒಂದು ಉದ್ಧರಣೆ ನೀರು ಹಾಕಿ ‘ಬಿಡಿ’ ಎನ್ನುತ್ತಾರೆ. ನೀರು ತಟ್ಟೆಗೆ ಬೀಳುತ್ತದೆ. ಸಂಕಲ್ಪ ಮುಗಿಯಿತು. ಅಲ್ಲಿಂದ ಮುಂದಿನದು ಪುರೋಹಿತರ ಕೆಲಸ.

ನಡುವಯಸ್ಸಿಗೆ ಬಂದವರಿಗೆ ಈಗ ನಾಲ್ಕೂ ದಿಕ್ಕಿನಿಂದ ಒಂದೇ ಉಪದೇಶ: ಉದ್ದೇಶವಿಟ್ಟು ಬದುಕಿ, ನಿಮ್ಮನ್ನು ನೀವು ಬೆಳೆಸಿಕೊಳ್ಳಿ, ಇನ್ನರ್ಧ ಆಯುಸ್ಸನ್ನು ನಿಮಗಾಗಿ ಬಾಳಿ. ನನಗೆ ಈಗ ನಲವತ್ತೆಂಟು. ರಾಮನಗರದಲ್ಲಿ ಮನೆ, ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಪಾಠ. ಈ ಉಪದೇಶ ನನಗೂ ಬರುತ್ತಿದೆ. ಅದನ್ನು ತಮಾಷೆ ಮಾಡಿ ತಳ್ಳಿಹಾಕುವುದು ಸುಲಭ. ಆದರೆ ಅದರೊಳಗಿರುವ ಪ್ರಶ್ನೆ ತಮಾಷೆಯದಲ್ಲ. ದಿನದ ಬಹುಪಾಲನ್ನು ಬೇರೆಯವರು ನಿರ್ಧರಿಸುವ ಬದುಕಿನಲ್ಲಿ ‘ಇದು ನಾನು ಬೇಕೆಂದು ಬದುಕಿದ್ದು’ ಎಂದು ಹೇಳಬಹುದಾದದ್ದು ಏನಾದರೂ ಇರಲು ಸಾಧ್ಯವೇ? ಇದ್ದರೆ ಅದು ಹೇಗಿರುತ್ತದೆ?

*

ನನ್ನ ಓರಗೆಯವರು ಇದಕ್ಕೆ ಕಂಡುಕೊಂಡಿರುವ ಉತ್ತರಗಳು ತರಹೇವಾರಿ. ಒಬ್ಬರು ಅನ್ನ ಬಿಟ್ಟು ಸಿರಿಧಾನ್ಯಕ್ಕೆ ಬಂದಿದ್ದಾರೆ. ಮುದ್ದೆ ಉಂಡು ಬೆಳೆದ ಊರಿನಲ್ಲಿ ಸಿರಿಧಾನ್ಯಕ್ಕೆ ‘ಬರುವುದು’ ಎಂದರೇನೆಂದು ಅವರ ತಾಯಿಗೆ ಇನ್ನೂ ಅರ್ಥವಾಗಿಲ್ಲ. ಇನ್ನೊಬ್ಬರು ಭಾನುವಾರ ಬೆಳಿಗ್ಗೆ ರಾಮದೇವರ ಬೆಟ್ಟ ಹತ್ತಿ, ಎಷ್ಟು ಹೆಜ್ಜೆಯಾಯಿತೆಂದು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಮತ್ತೊಬ್ಬರು ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರು. ಆ ಹೊತ್ತಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಆತ್ಮವಿಕಾಸದ ಭಾಷಣ ಕೇಳುತ್ತಾರೆ. ಯಾವುದೂ ಕೆಟ್ಟದ್ದಲ್ಲ. ಮಂಡಿ ನೋವು ಕಡಿಮೆಯಾದರೆ ಬದುಕು ಹಗುರವಾಗುತ್ತದೆ ಎಂಬುದು ಸಣ್ಣ ಸತ್ಯವಲ್ಲ. ಆದರೆ ಇವರಲ್ಲಿ ಯಾರ ಜೊತೆ ಕೂತು ಮಾತಾಡಿದರೂ ಅರ್ಧ ಗಂಟೆಗೆ ಅದೇ ತಳಮಳ ಮೇಲೆ ಬರುತ್ತದೆ: ಇಷ್ಟೇನಾ?

ಈ ತಳಮಳಕ್ಕೆ ‘ಮಧ್ಯವಯಸ್ಸಿನ ಬಿಕ್ಕಟ್ಟು’ ಎಂಬ ಹೆಸರು ಬಂದದ್ದು 1965ರಲ್ಲಿ. ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕ ಕಲಾವಿದರ ಬದುಕನ್ನು ಪರಿಶೀಲಿಸುತ್ತ ಬರೆದ ಲೇಖನದಲ್ಲಿ ಈ ಮಾತನ್ನು ಬಳಸಿದ. ಸಾವು ಎಂಬುದು ಬೇರೆಯವರಿಗೆ ಬರುವ ಸುದ್ದಿಯಾಗಿ ಉಳಿಯದೆ, ನನಗೂ ಬರುವಂಥದ್ದು ಎಂದು ಮೈಗೆ ತಾಗುವ ಹೊತ್ತು ಅದು ಎಂಬುದು ಅವನ ವಾದದ ತಿರುಳು. ಹೆಸರು ಹೊಸದು, ತಳಮಳ ಹಳೆಯದು.

ತಳಮಳವಾದಾಗ ಮೊದಲು ಹೊಳೆಯುವ ಮದ್ದು ಹೊಸ ಹೆಸರು, ಹೊಸ ವೇಷ. ನಮ್ಮ ಊರಿಗೆ ಈ ವಿಷಯದಲ್ಲಿ ಒಳ್ಳೆಯ ಅನುಭವವಿದೆ. ಟಿಪ್ಪುವಿನ ಕಾಲದಲ್ಲಿ ಅದು ಶಂಸೇರಾಬಾದ್, ಆಮೇಲೆ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆ, ಅನಂತರ ರಾಮನಗರ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದೇ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಇದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಇಷ್ಟು ಹೆಸರುಗಳ ಕೆಳಗೆ ಬಂಡೆ ಅದೇ ಇದೆ, ಸುಮಾರು ಇನ್ನೂರೈವತ್ತು ಕೋಟಿ ವರ್ಷದ್ದು. ಭೂವಿಜ್ಞಾನಿಗಳು ಅದನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಹೆಸರು ಬದಲಾಗುವುದು ಬೇರೆ, ಬೆಳೆಯುವುದು ಬೇರೆ ಎಂಬುದಕ್ಕೆ ದೂರ ಹೋಗಬೇಕಿಲ್ಲ.

*

ಹಾಗಾದರೆ ಬೆಳೆಯುವುದೆಂದರೇನು? ನಾನು ಹುಟ್ಟಿದ್ದು ಕನಕಪುರ ತಾಲ್ಲೂಕಿನ ರೇಷ್ಮೆ ಸಾಕುವ ಮನೆಯಲ್ಲಿ. ಬೆಳವಣಿಗೆ ಎಂಬ ಪದದ ಅರ್ಥ ನನಗೆ ಶಾಲೆಗಿಂತ ಮೊದಲು ತಿಳಿದದ್ದು ಹುಳುವಿನ ತಟ್ಟೆಗಳಲ್ಲಿ. ಮೊಟ್ಟೆಯಿಂದ ಹೊರಬಂದಾಗ ಇರುವೆಗಿಂತ ಸಣ್ಣದಾಗಿರುವ ರೇಷ್ಮೆ ಹುಳು ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ತೂಕವಾಗುತ್ತದೆ. ಆದರೆ ಅದರ ಚರ್ಮ ಅಷ್ಟು ಹಿಗ್ಗುವುದಿಲ್ಲ. ಆದ್ದರಿಂದ ನಾಲ್ಕು ಸಲ ಅದು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿದ ಮೇಲೆ ಮತ್ತೆ ಸೊಪ್ಪಿಗೆ ಬಾಯಿ ಹಾಕುತ್ತದೆ. ನಮ್ಮ ಕಡೆ ಇದಕ್ಕೆ ‘ಜ್ವರ’ ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಹಾಸಿಗೆ ಒಣಗಿರುವಂತೆ ಸುಣ್ಣದ ಪುಡಿ ಎರಚಿ ಸುಮ್ಮನಿರಬೇಕು. ನಾಲ್ಕನೇ ಜ್ವರ ಎದ್ದ ಮೇಲಿನದು ರಾಕ್ಷಸ ಹಸಿವು. ಜೀವಮಾನದ ಸೊಪ್ಪಿನಲ್ಲಿ ಬಹುಪಾಲನ್ನು ಅದು ತಿನ್ನುವುದು ಆ ಕೊನೆಯ ವಾರದಲ್ಲೇ.

ನಲವತ್ತೈದರ ತಳಮಳವನ್ನು ಜ್ವರ ಎಂದು ಕರೆಯಲು ನನಗೆ ಇಷ್ಟ. ಅದು ಕಾಯಿಲೆಯಲ್ಲ. ಒಳಗಿರುವುದು ಹಳೆಯ ಚರ್ಮದಲ್ಲಿ ಹಿಡಿಸುತ್ತಿಲ್ಲ ಎಂಬ ಸೂಚನೆ. ಅಂಥ ಹೊತ್ತಿನಲ್ಲಿ ಹೊಸ ಹೊಸ ಸೊಪ್ಪು ತಂದು ಸುರಿಯುವುದು, ಅಂದರೆ ಹೊಸ ಕೋರ್ಸು, ಹೊಸ ಹವ್ಯಾಸ, ಹೊಸ ಗುಂಪು, ಅಷ್ಟೇನೂ ಬುದ್ಧಿವಂತಿಕೆಯಲ್ಲ. ಸ್ವಲ್ಪ ದಿನ ಸುಮ್ಮನೆ ಕೂರಲು ಬಿಡುವುದೇ ಒಳ್ಳೆಯದು.

ಆದರೆ ಈ ಹೋಲಿಕೆಯನ್ನು ಕೊನೆಯವರೆಗೂ ಎಳೆಯುವಂತಿಲ್ಲ. ರೇಷ್ಮೆ ಸಾಕಿದ ಮನೆಯವರಿಗೆ ಹುಳುವಿನ ಕಥೆಯ ಕೊನೆ ಗೊತ್ತಿದೆ. ಹಣ್ಣಾದ ಹುಳು ಚಂದ್ರಿಕೆ ಏರಿ ಗೂಡು ಕಟ್ಟುತ್ತದೆ. ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ಹರಾಜಾದ ಮೇಲೆ ಬಿಸಿನೀರಿಗೆ ಬೀಳುತ್ತದೆ. ಹುಳು ಬೆಳೆದದ್ದು ನಿಜ, ಬೆಳೆದದ್ದು ಮಾತ್ರ ಬೇರೆಯವರ ಲೆಕ್ಕಕ್ಕೆ. ಆದ್ದರಿಂದ ‘ನಿನ್ನನ್ನು ನೀನು ಬೆಳೆಸಿಕೋ’ ಎಂದು ಯಾರು ಹೇಳಿದರೂ ಒಂದು ಪ್ರಶ್ನೆ ಕೇಳಬೇಕು: ಈ ಬೆಳೆ ಯಾರ ಮನೆಗೆ ಹೋಗುತ್ತದೆ? ಕಚೇರಿಯ ತರಬೇತಿಯಲ್ಲಿ ಕಲಿಸುವ ಆತ್ಮವಿಕಾಸ ನೌಕರನನ್ನು ಬೆಳೆಸುತ್ತದೆಯೋ ಕಚೇರಿಯನ್ನೋ? ಇದರ ಇನ್ನೊಂದು ತುದಿಯೂ ಇದೆ. ಬೆಳೆದದ್ದೆಲ್ಲ ನನ್ನ ಮನೆಗೇ ಬರಬೇಕು ಎಂದು ಹೊರಟರೆ, ನಾನು ಕಟ್ಟುವ ಗೂಡಿನಲ್ಲಿ ಕೊನೆಗೆ ನಾನೊಬ್ಬಳೇ ಉಳಿಯುತ್ತೇನೆ. ಬೇರೆಯವರು ಸುಲಿದುಕೊಳ್ಳುವ ಬೆಳವಣಿಗೆ, ನನ್ನೊಳಗೇ ಸುತ್ತಿಕೊಳ್ಳುವ ಬೆಳವಣಿಗೆ, ಇವೆರಡನ್ನು ಬಿಟ್ಟು ಮೂರನೆಯದು ಇದೆಯೇ?

*

ಇದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಸಾಕ್ಷಿ ನಿಂತಿದೆ. ಮಾಗಡಿ ತಾಲ್ಲೂಕಿನ ಕುದೂರಿನಿಂದ ಹುಲಿಕಲ್‌ಗೆ ಹೋಗುವ ರಸ್ತೆಯ ಆಲದ ಮರಗಳ ಸಾಲು ಅದು. ಸಾಲುಮರದ ತಿಮ್ಮಕ್ಕ ಎಂದರೆ ಗೊತ್ತಿಲ್ಲದ ಮಗು ಕರ್ನಾಟಕದಲ್ಲಿ ಇರಲಾರದು. ಗೊತ್ತಿರುವುದರಿಂದಲೇ ನಾವು ಆಕೆಯ ಕಥೆಯನ್ನು ಗಮನವಿಟ್ಟು ಕೇಳುವುದನ್ನು ಬಿಟ್ಟಿದ್ದೇವೆ. ಮಕ್ಕಳಿರಲಿಲ್ಲ, ಮರಗಳನ್ನೇ ಮಕ್ಕಳೆಂದುಕೊಂಡರು, ಪದ್ಮಶ್ರೀ ಬಂತು. ಮೂರು ವಾಕ್ಯ, ಕಥೆ ಮುಗಿಯಿತು.

ಸ್ವಲ್ಪ ನಿಧಾನವಾಗಿ ನೋಡೋಣ. ತಿಮ್ಮಕ್ಕ ಶಾಲೆಗೆ ಹೋದವರಲ್ಲ. ಕೂಲಿ ಮಾಡಿದವರು. ಮದುವೆಯಾಗಿ ಹುಲಿಕಲ್‌ಗೆ ಬಂದ ಮೇಲೆ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಆ ಕಾಲದ ಹಳ್ಳಿಯಲ್ಲಿ ಅದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಆಕೆಯೂ ಗಂಡ ಚಿಕ್ಕಯ್ಯನವರೂ ಸೇರಿ ಆಲದ ಸಸಿಗಳನ್ನು ಬೆಳೆಸಿ ರಸ್ತೆಯ ಬದಿಗೆ ನೆಡತೊಡಗಿದರು. ಮೊದಲ ವರ್ಷ ಹತ್ತು, ಎರಡನೇ ವರ್ಷ ಹದಿನೈದು, ಮೂರನೇ ವರ್ಷ ಇಪ್ಪತ್ತು. ಮಳೆಗಾಲಕ್ಕೆ ಹೊಂದಿಸಿ ನೆಡುವುದು, ದನಕರು ಬಾಯಿ ಹಾಕದಂತೆ ಮುಳ್ಳು ಕಟ್ಟುವುದು, ಮಳೆ ನಿಂತ ಮೇಲೆ ಕಿಲೋಮೀಟರುಗಟ್ಟಲೆ ನೀರು ಹೊತ್ತು ಹಾಕುವುದು. ಮುಂದಿನ ಮಳೆಗಾಲದ ಹೊತ್ತಿಗೆ ಸಸಿ ಬೇರು ಹಿಡಿದಿರುತ್ತಿತ್ತು. ಹೀಗೆ ಬೆಳೆದ ಮರಗಳು 385 ಎಂದು ಲೆಕ್ಕ.

ಈ ವಿವರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು 385 ಅಲ್ಲ, ಹತ್ತು ಹದಿನೈದಾದದ್ದು. ನೆಡುವುದು ಒಂದು ದಿನದ ಕೆಲಸ. ಜೂನ್ 5 ಬಂದಾಗ ನಮ್ಮ ಶಾಲೆಯಲ್ಲೂ ನೆಡುತ್ತೇವೆ. ಫೋಟೋ ತೆಗೆಯುತ್ತೇವೆ. ಅದು ಉದ್ಧರಣೆಯ ನೀರು. ಸಂಕಲ್ಪ ಎಂಬುದು ನಿಜವಾಗಿ ಶುರುವಾಗುವುದು ಜನವರಿಯಲ್ಲಿ, ಮಳೆಯ ನೆನಪೂ ಆರಿದ ಮೇಲೆ, ಹಗಲೆಲ್ಲ ಕೂಲಿ ಮಾಡಿ ಬಂದ ಸೊಂಟಕ್ಕೆ ತುಂಬಿದ ಕೊಡ ಏರಿಸುವಾಗ. ಆ ಹೊತ್ತಿಗೆ ನೆಟ್ಟ ದಿನದ ಉತ್ಸಾಹ ಇರುವುದಿಲ್ಲ. ನೋಡುವವರೂ ಇರುವುದಿಲ್ಲ. ಉಳಿದಿರುವುದು ಹತ್ತು ಗಿಡ ಮತ್ತು ದೂರ ಮಾತ್ರ. ಆ ಒಣ ತಿಂಗಳುಗಳನ್ನು ದಾಟಿ ಬಂದು, ಅದರ ಭಾರ ಎಷ್ಟೆಂದು ಮೈಗೆ ಗೊತ್ತಾದ ಮೇಲೂ, ಮರುವರ್ಷ ಹತ್ತಲ್ಲ ಹದಿನೈದು ನೆಟ್ಟರಲ್ಲ, ಅದು ಬೇಕಂತಲೇ ಮಾಡಿದ್ದು. ನಮ್ಮ ಭಾಷೆಯಲ್ಲಿ ಆ ಪದಕ್ಕೆ ಒಂದು ಒಳ್ಳೆಯ ಅರ್ಥವಿದ್ದರೆ ಅದು ಇದೇ.

ಉದ್ದೇಶವಿಟ್ಟು ಬದುಕುವುದು ಬಿಡುವು ಇದ್ದವರ, ಹಣ ಇದ್ದವರ ಚೈನಿ ಎಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ನ್ಯಾಯವಿದೆ. ಹೊಟ್ಟೆಯ ಚಿಂತೆ ಇರುವವರ ಮುಂದೆ ಬದುಕಿನ ಗುರಿಯ ಬಗ್ಗೆ ಭಾಷಣ ಮಾಡುವುದು ಅಸಹ್ಯ. ಆದರೆ ಆ ಮಾತನ್ನು ಪೂರ್ತಿ ಒಪ್ಪಿಕೊಂಡರೆ ಇನ್ನೊಂದು ಅನ್ಯಾಯವಾಗುತ್ತದೆ. ಕೂಲಿಯವರಿಗೆ ಸಂಕಲ್ಪವೇ ಇರುವುದಿಲ್ಲ ಎಂದಂತಾಗುತ್ತದೆ. ತಿಮ್ಮಕ್ಕ ತಮ್ಮ ಬಡತನವನ್ನು ಆರಿಸಿಕೊಂಡಿರಲಿಲ್ಲ, ಮಕ್ಕಳಿಲ್ಲದಿರುವುದನ್ನೂ ಆರಿಸಿಕೊಂಡಿರಲಿಲ್ಲ. ಹಗಲು ಕೂಲಿಗೆ ಹೋಯಿತು. ಉಳಿದದ್ದು ದಿನದ ಅಂಚು. ಆ ಅಂಚಿನಲ್ಲಿ ನೆಟ್ಟರು. ಆ ಮರಗಳು ನಿಂತಿರುವುದೂ ಯಾರದೋ ಹೊಲದ ನಡುವೆ ಅಲ್ಲ, ರಸ್ತೆಯ ಅಂಚಿನಲ್ಲಿ.

*

ನಮ್ಮ ಹಳೆಯ ಶಾಸ್ತ್ರಗಳೂ ನಡುವಯಸ್ಸಿನ ಬಗ್ಗೆ ಯೋಚಿಸಿವೆ. ಮುಖ ಸುಕ್ಕಾಗಿ, ತಲೆ ನರೆತು, ಮಕ್ಕಳ ಮಕ್ಕಳನ್ನು ಕಂಡ ಮೇಲೆ ಗೃಹಸ್ಥನು ಕಾಡಿಗೆ ಹೊರಡಬೇಕೆಂದು ಮನುಸ್ಮೃತಿ ಹೇಳುತ್ತದೆ. ವಾನಪ್ರಸ್ಥ ಎಂದರೆ ಅದು. ಒಂದು ವಯಸ್ಸಿನ ನಂತರ ಹಿಡಿದದ್ದನ್ನು ಬಿಡಲು ಕಲಿಯಬೇಕು ಎಂಬ ವಿವೇಕ ಅದರಲ್ಲಿದೆ. ಆದರೆ ಈ ನಿಯಮ ಯಾರಿಗೆ ಎಂದು ನೋಡಿ. ಬಿಟ್ಟುಹೋಗಲು ಮನೆಯಿರುವ, ಮೊಮ್ಮಕ್ಕಳನ್ನು ಕಂಡ, ಹೊರಟರೆ ಯಾರ ಅನ್ನಕ್ಕೂ ಕುತ್ತಾಗದ ಗಂಡಸಿಗೆ. ಮಕ್ಕಳೇ ಇಲ್ಲದ ಕೂಲಿ ಹೆಣ್ಣುಮಗಳಿಗೆ ಆ ಪುಸ್ತಕದಲ್ಲಿ ವಾನಪ್ರಸ್ಥದ ಬಾಗಿಲೇ ಇಲ್ಲ. ಆಕೆ ಬಾಗಿಲು ಕೇಳಲೂ ಇಲ್ಲ. ಕಾಡಿಗೆ ಹೋಗುವ ಬದಲು ನೆರಳನ್ನೇ ಊರ ದಾರಿಗೆ ಕರೆತಂದರು. ಬಿಡುವುದರ ಮೂಲಕ ದೊಡ್ಡವರಾಗುವ ದಾರಿ ಒಂದಿದ್ದರೆ, ಹೊರುವುದರ ಮೂಲಕ ದೊಡ್ಡವರಾಗುವ ದಾರಿಯೂ ಇದೆ ಎಂದು ಆ ರಸ್ತೆ ಹೇಳುತ್ತದೆ.

ಆಕೆಯ ಬಗ್ಗೆ ತರಗತಿಯಲ್ಲಿ ಮಾತಾಡಿದ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮಿಸ್, ಅವ್ರಿಗೆ ಮಕ್ಳಾಗಿದ್ದಿದ್ರೆ ಮರ ನೆಡ್ತಿದ್ರಾ?”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಬಹುಶಃ ನೆಡುತ್ತಿರಲಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಹಾಗಾದರೆ ಆ ಒಳ್ಳೆಯತನ ದುರದೃಷ್ಟದ ಫಲವೇ? ನೋವು ಬಾರದಿದ್ದರೆ ಯಾರೂ ದೊಡ್ಡವರಾಗುವುದಿಲ್ಲವೇ? ಇದು ಅಪಾಯದ ತೀರ್ಮಾನ, ಏಕೆಂದರೆ ಇದನ್ನು ಹಿಡಿದು ಬೇರೆಯವರ ನೋವಿಗೆ ನಾವು ಸಲೀಸಾಗಿ ಸಮಾಧಾನ ಹೇಳಿಬಿಡುತ್ತೇವೆ: ‘ಎಲ್ಲ ಒಳ್ಳೆಯದಕ್ಕೇ.’ ಆ ಹೆಣ್ಣುಮಗಳು ಕೇಳಿಸಿಕೊಂಡ ಕುಹಕದ ಮಾತುಗಳು ಒಳ್ಳೆಯದಕ್ಕೇ ಆಗಿರಲಿಲ್ಲ. ಎಷ್ಟು ಮರ ಬೆಳೆದರೂ ಅವು ಸರಿಯಾಗುವುದಿಲ್ಲ.

ನಾನು ಆ ಹುಡುಗಿಗೆ ಹೇಳಿದ್ದು ಇಷ್ಟು. ಮಕ್ಕಳಿಲ್ಲದ ನೋವು ಎಷ್ಟೋ ಸಾವಿರ ಮನೆಗಳಲ್ಲಿತ್ತು. ಆ ಮನೆಗಳ ಮುಂದೆಲ್ಲ ಸಾಲುಮರಗಳಿಲ್ಲ. ನೋವು ಒಂದು ಜಾಗವನ್ನು ಖಾಲಿ ಮಾಡುತ್ತದೆ. ಅಲ್ಲಿ ಏನು ನೆಡಬೇಕೆಂದು ಅದು ಹೇಳುವುದಿಲ್ಲ. ನೋವು ಕಾರಣವಾಗಬಹುದು, ಆದರೆ ನೋವು ನೀರು ಹೊರುವುದಿಲ್ಲ. ನೀರು ಹೊತ್ತವರು ತಿಮ್ಮಕ್ಕ ಮತ್ತು ಚಿಕ್ಕಯ್ಯ.

ಚಿಕ್ಕಯ್ಯನವರ ಹೆಸರನ್ನು ಇಲ್ಲಿ ಬೇಕೆಂದೇ ಹೇಳುತ್ತಿದ್ದೇನೆ. ಅವರು 1991ರಲ್ಲಿ ತೀರಿಕೊಂಡರು. 1995ರಲ್ಲಿ ತಿಮ್ಮಕ್ಕನವರಿಗೆ ರಾಷ್ಟ್ರೀಯ ನಾಗರಿಕ ಪ್ರಶಸ್ತಿ ಬರುವ ಹೊತ್ತಿಗೆ ಅವರಿರಲಿಲ್ಲ. 2019ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಆಕೆ ರಾಷ್ಟ್ರಪತಿಗಳ ಹಣೆ ಮುಟ್ಟಿ ಹರಸಿದ್ದನ್ನು ದೇಶವೆಲ್ಲ ನೋಡಿತು. ಆ ಚಿತ್ರದಲ್ಲೂ ಅವರಿಲ್ಲ. ಪ್ರಶಸ್ತಿ ಎಂಬುದು ಈ ಕಥೆಯ ಗುರಿಯಾಗಿರಲಿಲ್ಲ ಎಂಬುದಕ್ಕೆ ಚಿಕ್ಕಯ್ಯನವರಿಗಿಂತ ದೊಡ್ಡ ಸಾಕ್ಷಿ ಬೇಡ. ಅವರು ನೋಡಿದ್ದು ಮರಗಳನ್ನು. ಅಷ್ಟಕ್ಕೇ ಅವರ ಕೆಲಸ ಪೂರ್ತಿಯಾಗಿತ್ತು.

*

ಕೀರನ್ ಸೆಟಿಯಾ ಎಂಬ ತತ್ವಶಾಸ್ತ್ರಜ್ಞ ನಡುವಯಸ್ಸಿನ ಬಗ್ಗೆಯೇ 2017ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಅದರಲ್ಲಿ ಕೆಲಸಗಳನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದು, ಮುಗಿಯುವ ಕೆಲಸ: ಮನೆ ಕಟ್ಟುವುದು, ಪದವಿ ಪಡೆಯುವುದು, ಮಗಳ ಮದುವೆ ಮಾಡುವುದು. ಇನ್ನೊಂದು, ಮುಗಿಯುವ ಹಂಗಿಲ್ಲದ ಕೆಲಸ: ಸುಮ್ಮನೆ ನಡೆಯುವುದು, ಗೆಳೆಯರೊಡನೆ ಕೂರುವುದು, ಸಂಗೀತ ಕೇಳುವುದು. ಮುಗಿಯುವ ಕೆಲಸಗಳಲ್ಲೇ ಬದುಕಿನ ಅರ್ಥವನ್ನೆಲ್ಲ ಇಟ್ಟರೆ, ಮುಗಿದೊಡನೆ ಅರ್ಥವೂ ಮುಗಿಯುತ್ತದೆ. ನಲವತ್ತು ದಾಟಿದವರ ‘ಇಷ್ಟೇನಾ’ ಹುಟ್ಟುವುದು ಅಲ್ಲಿಂದ ಎಂಬುದು ಅವರ ವಾದ. ಆದ್ದರಿಂದ ಮುಗಿಯದ ಕೆಲಸಗಳ ಬೆಲೆ ಕಾಣಲು ಕಲಿಯಿರಿ ಎನ್ನುತ್ತಾರೆ.

ಇದು ಒಳ್ಳೆಯ ಮಾತು. ಸಾಲ ತೀರಿಸಿ ಮನೆ ಮುಗಿಸಿದ ಮರುದಿನ ಖಾಲಿಯಾದವರನ್ನು ನಾನೂ ಬಲ್ಲೆ. ಆದರೆ ಕುದೂರು ರಸ್ತೆಯ ಕೆಲಸ ಈ ಎರಡರಲ್ಲಿ ಯಾವುದಕ್ಕೆ ಸೇರುತ್ತದೆ? ಅದು ಮುಗಿಯದ ಕೆಲಸವಲ್ಲ. ಬೇರು ಹಿಡಿದ ಮರಕ್ಕೆ ಯಾರೂ ನೀರು ಹೊರುವುದಿಲ್ಲ. ಮುಗಿಯುವ ಕೆಲಸವೂ ಅಲ್ಲ. ಹೊರುವವರ ಕೆಲಸ ಮುಗಿದ ಜಾಗದಲ್ಲಿ ಮರದ ಕೆಲಸ ಶುರುವಾಗುತ್ತದೆ. ಅದು ಮೂರನೆಯ ಬಗೆ: ನಾನಿಲ್ಲದೆಯೂ ನಡೆಯಲಿ ಎಂದು ಮಾಡುವ ಕೆಲಸ. ಅಲ್ಲಿ ಯಶಸ್ಸಿನ ಗುರುತು ನನ್ನ ಅಗತ್ಯ ಹೆಚ್ಚುವುದಲ್ಲ, ನನ್ನ ಅಗತ್ಯ ಇಲ್ಲವಾಗುವುದು.

ಯೌವನದಲ್ಲಿ ಈ ಮಾತು ರುಚಿಸುವುದಿಲ್ಲ. ಆಗ ನಮಗೆ ಬೇಕಾದವರಾಗಬೇಕು. ಮನೆಯಲ್ಲಿ, ಕಚೇರಿಯಲ್ಲಿ, ಗೆಳೆಯರಲ್ಲಿ ‘ಇವಳಿಲ್ಲದಿದ್ದರೆ ಆಗುವುದಿಲ್ಲ’ ಎನಿಸಿಕೊಳ್ಳಬೇಕು. ನಡುವಯಸ್ಸಿನ ಬೆಳವಣಿಗೆ ಎಂದರೆ ಈ ಆಸೆ ನಿಧಾನವಾಗಿ ತಿರುಗಿ ನಿಲ್ಲುವುದು ಎಂದು ನನಗನ್ನಿಸುತ್ತದೆ. ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗಣೆಯಲ್ಲಿ ಮರ ತಿರುಗಿಸಿ, ಅರಗು ಹಿಡಿದು ಬಣ್ಣ ಏರಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಬೊಂಬೆ ಕೈಬಿಟ್ಟುಹೋಗುತ್ತದೆ. ಯಾವ ಮನೆಯಲ್ಲಿ, ಯಾವ ಮಗುವಿನ ಬಾಯಿಗೆ ಹೋಯಿತೋ ಅವರಿಗೆ ತಿಳಿಯುವುದಿಲ್ಲ. ಬೊಂಬೆ ಅವರನ್ನು ಮರೆತೇ ಆಡಬೇಕು. ಮೇಷ್ಟರ ಕೆಲಸವೂ ಅಷ್ಟೇ. ಹತ್ತನೇ ತರಗತಿ ದಾಟಿದ ಮಗುವಿಗೆ ವಾಕ್ಯ ಬರೆಯಲು ನಾನು ಇನ್ನೂ ಬೇಕಾದರೆ, ಕಲಿಸಿದ್ದು ಸಾಲಲಿಲ್ಲ ಎಂದೇ ಅರ್ಥ.

*

ಇಲ್ಲಿಗೆ ನಿಲ್ಲಿಸಿದ್ದರೆ ಈ ವಾದ ಚೆನ್ನಾಗಿಯೇ ಇರುತ್ತಿತ್ತು. ಆದರೆ ನಡುವಯಸ್ಸಿನಲ್ಲಿ ನಮ್ಮ ಕೈಗೆ ಬರುವುದೆಲ್ಲ ಸಸಿಗಳಲ್ಲ. ನನ್ನ ಅವ್ವ ಮೂರು ವರ್ಷದಿಂದ ನನ್ನ ಜೊತೆಗಿದ್ದಾಳೆ. ಊರಿನ ಹಿಪ್ಪುನೇರಳೆ ತೋಟ ಹೋಗಿ ಹತ್ತು ವರ್ಷದ ಮೇಲಾಯಿತು. ಅದು ಅವಳಿಗೆ ನೆನಪಿಲ್ಲ. ರಾತ್ರಿ ಎಂಟಾದರೆ ಮಂಚದ ಮೇಲೆ ಎದ್ದು ಕೂತು ಕೇಳುತ್ತಾಳೆ:

“ಹುಳಕ್ಕೆ ಸೊಪ್ಪಾಕಿದ್ಯಾ ಮಗಾ?”

ಮೊದಮೊದಲು ಹುಳ ಎಲ್ಲಿದೆ ಎಂದು ವಿವರಿಸುತ್ತಿದ್ದೆವು. ಅವಳ ಗಾಬರಿ ಹೆಚ್ಚುತ್ತಿತ್ತು. ಹಾಕಿದ್ದೇನೆ ಎಂದರೆ ಎಷ್ಟು ಹಾಕಿದೆ, ಯಾವ ತಟ್ಟೆಗೆ, ಸೊಪ್ಪು ಒಣಗಿತ್ತಾ ಎಂದು ಎದ್ದು ಹೊರಡುತ್ತಿದ್ದಳು. ಈಗ ನಾನು ಹೇಳುವುದು ಒಂದೇ ಮಾತು: “ಜ್ವರಕ್ಕೆ ಕುಂತವೆ ಕಣವ್ವ.”

“ಹಂಗಾರೆ ಮುಟ್ಬ್ಯಾಡ, ಇರ್ಲಿ” ಎಂದು ಮಲಗುತ್ತಾಳೆ.

ಅವ್ವನನ್ನು ನೋಡಿಕೊಳ್ಳುವುದು ಮೂರನೆಯ ಬಗೆಯ ಕೆಲಸವಲ್ಲ. ಇಲ್ಲಿ ನನ್ನ ಅಗತ್ಯ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಇಲ್ಲಿ ಬೇರು ಹಿಡಿಯುವುದಿಲ್ಲ, ಬೇರು ಸಡಿಲವಾಗುತ್ತದೆ. ಯಾವ ಮಳೆಗಾಲವೂ ಬಂದು ನನ್ನ ಕೈಯಿಂದ ಕೊಡ ಇಳಿಸುವುದಿಲ್ಲ. ಇಳಿಯುವ ದಿನ ಬರಲಿ ಎಂದು ಬಯಸುವಂತೆಯೂ ಇಲ್ಲ. ಆತ್ಮವಿಕಾಸದ ಭಾಷಣಗಳಲ್ಲಿ ಈ ಕೆಲಸಕ್ಕೆ ಹೆಸರಿಲ್ಲ. ಅಲ್ಲಿ ಇದು ನನ್ನ ‘ಸ್ವಂತ ಸಮಯ’ವನ್ನು ತಿನ್ನುವ ಸಂಗತಿ. ಓದಬೇಕೆಂದು ತಂದಿಟ್ಟ ಪುಸ್ತಕಗಳ ಮೇಲೆ ಧೂಳು ಕೂತಾಗ ನನಗೂ ಹಾಗೆ ಅನ್ನಿಸುವ ಸಂಜೆಗಳಿವೆ. ಇಂಥ ಸಂಜೆಗಳನ್ನು ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೇ ಹಂಚುವ ವ್ಯವಸ್ಥೆಯನ್ನು ‘ಸೇವೆ’ ಎಂಬ ಪದದಿಂದ ಮುಚ್ಚುವುದನ್ನೂ ನಾನು ಒಪ್ಪುವುದಿಲ್ಲ. ಮನೆಯ ಗಂಡಸರೂ ಕೊಡ ಎತ್ತಬೇಕು. ಚಿಕ್ಕಯ್ಯನವರು ಎತ್ತಿದ್ದರು.

ಇಷ್ಟೆಲ್ಲ ಹೇಳಿಯೂ, ಅವ್ವನ ಮಂಚದ ಬಳಿಯ ಹೊತ್ತು ನನ್ನ ಉದ್ದೇಶದ ಬದುಕಿನ ಹೊರಗಿನದು ಎಂದು ನನಗನ್ನಿಸುವುದಿಲ್ಲ. ಇದನ್ನು ನಾನು ಆರಿಸಿಕೊಳ್ಳಲಿಲ್ಲ. ಆದರೆ ಪ್ರತಿ ರಾತ್ರಿ ಆ ಪ್ರಶ್ನೆಗೆ ಯಾವ ಉತ್ತರ ಕೊಡಬೇಕೆಂಬುದನ್ನು ಆರಿಸಿಕೊಳ್ಳುತ್ತೇನೆ. ಸಿಡುಕಬಹುದು, ತಿದ್ದಬಹುದು, ಕೇಳಿಸದಂತೆ ಇರಬಹುದು, ಅಥವಾ ಅವಳು ಇರುವ ಆ ಹಳೆಯ ಮನೆಯೊಳಗೆ ಹೋಗಿ ಅಲ್ಲಿಯ ಭಾಷೆಯಲ್ಲಿ ಮಾತಾಡಬಹುದು. ಸಸಿಗೆ ಹಾಕುವ ನೀರು ಮರಕ್ಕಾಗಿ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಆ ಹತ್ತು ಸಸಿಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಒಣಗುತ್ತದೆ ಎಂದು ನೀರು ಹೊರುವಾಗ ಯಾರಿಗೂ ಗೊತ್ತಿರುವುದಿಲ್ಲ. ಒಣಗಲಿರುವ ಗಿಡಕ್ಕೂ ಅದೇ ನೀರು, ಅಷ್ಟೇ ದೂರದಿಂದ. ಫಲ ಕಾಣುವ ಕಡೆ ಮಾತ್ರ ಸಂಕಲ್ಪ ಎಂದರೆ ಅದು ಸಂಕಲ್ಪವಲ್ಲ, ಲೆಕ್ಕಾಚಾರ.

*

2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ಆ ಸಾಲುಮರಗಳೂ ಬಲಿಯಾಗಬಹುದೆಂಬ ಆತಂಕ ಎದ್ದಿತ್ತು. ತಿಮ್ಮಕ್ಕ ಮುಖ್ಯಮಂತ್ರಿಗಳ ಬಳಿ ಮರಗಳನ್ನು ಉಳಿಸಬೇಕೆಂದು ಕೇಳಿಕೊಂಡರು. ಸರ್ಕಾರ ಬೇರೆ ದಾರಿ ನೋಡುವುದಾಗಿ ಹೇಳಿತು. ನಾನಿಲ್ಲದೆಯೂ ನಡೆಯಲಿ ಎಂದು ಮಾಡಿದ ಕೆಲಸವೂ ಒಮ್ಮೊಮ್ಮೆ ತಿರುಗಿ ಕರೆಯುತ್ತದೆ. ನೂರು ದಾಟಿದ ಮುದುಕಿ ಮತ್ತೆ ಎದ್ದು ಹೋಗಿ ಮರಗಳ ಪರವಾಗಿ ನಿಲ್ಲಬೇಕಾಗುತ್ತದೆ. ನೆಟ್ಟು ಬಿಟ್ಟರೆ ಶಾಶ್ವತ ಎಂಬ ಭರವಸೆಯನ್ನು ಯಾವ ಕೆಲಸವೂ ಕೊಡುವುದಿಲ್ಲ.

2025ರ ನವೆಂಬರ್ 14ರಂದು ಆಕೆ ತೀರಿಕೊಂಡರು. 114 ವರ್ಷ ಎಂದು ಪತ್ರಿಕೆಗಳು ಬರೆದವು. ಅಂದು ಮಕ್ಕಳ ದಿನಾಚರಣೆ. ಆ ದಿನ ಕುದೂರು ರಸ್ತೆಯ ಆಲಗಳಿಗೆ ಯಾರೂ ನೀರು ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಅದಕ್ಕಿಂತ ದೊಡ್ಡ ಗೌರವವನ್ನು ಯಾವ ಸರ್ಕಾರವೂ ಕೊಡಲಾರದು.

ಈ ವಾರಾಂಕಣ ಓದುವವರಲ್ಲಿ ವಿದ್ಯಾರ್ಥಿಗಳು ಹೆಚ್ಚು ಎಂದು ಬಲ್ಲೆ. ನಡುವಯಸ್ಸು ನಿಮಗೆ ಇನ್ನೂ ದೂರದ ಊರು. ಅಲ್ಲಿಗೆ ತಲುಪಿದಾಗ ಯಾರಾದರೂ ನಿಮ್ಮ ಸಂಕಲ್ಪವೇನು ಎಂದು ಕೇಳಿದರೆ, ಏನನ್ನು ನೆಟ್ಟಿರಿ ಎಂದು ಪಟ್ಟಿ ಮಾಡಲು ಹೋಗಬೇಡಿ. ಅದನ್ನು ಎಲ್ಲರೂ ಮಾಡುತ್ತಾರೆ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ, ಯಾರೂ ನೋಡದಿರುವಾಗ, ನಿಮ್ಮ ಕೊಡ ಯಾವ ಕಡೆ ಹೋಗುತ್ತಿತ್ತು ಎಂದು ನೆನಪು ಮಾಡಿಕೊಳ್ಳಿ. ನೀವು ಬೇಕಂತಲೇ ಬದುಕಿದ್ದು ಆ ದಾರಿಯನ್ನು.